ಎರಡು ಮೀಟರ್ ಹಳದಿ ಜಂಪರ್

ಆ ಕೋಣೆಯ ಬೀಗದ ಕೈ ಒಂದು ದಿನವೂ ನಮ್ಮ ಕೈಗೆ ಬರಲಿಲ್ಲ.

ಏಳು ವರ್ಷ ನಾನೊಂದು ಇಂಟರ್ನೆಟ್ ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿದ್ದೆ. ನಮಗೆ ಸ್ವಂತ ತಂತಿ ಅಂತ ಇರಲಿಲ್ಲ. ಮೂರು ಕೇಬಲ್ ಟಿವಿ ಕಂಪನಿಗಳ ಜೊತೆ ಪಾಲುದಾರಿಕೆ, ಅವರ ತಂತಿಯ ಮೇಲೆ ನಮ್ಮ ಇಂಟರ್ನೆಟ್. ಮೂವರಲ್ಲಿ ಇಬ್ಬರು ಸಣ್ಣವರು. ಮೂರನೆಯವರನ್ನು ನಮ್ಮಲ್ಲಿ ಎಲ್ಲರೂ 'ದೊಡ್ಡವರು' ಅಂತಲೇ ಕರೆಯುತ್ತಿದ್ದೆವು. ನಮ್ಮ ಗ್ರಾಹಕರಲ್ಲಿ ಮೂರರಲ್ಲಿ ಎರಡು ಪಾಲು ಅವರ ತಂತಿಯ ಮೇಲಿದ್ದರು. ಟಿವಿ ಚಾನೆಲ್‌ಗಳನ್ನೆಲ್ಲ ಒಟ್ಟುಮಾಡಿ ಮನೆಮನೆಗೆ ಹಂಚುವ ಅವರ ಹೆಡ್‌ಎಂಡ್ ಕಟ್ಟಡದಲ್ಲಿ, ಒಂದು ರ‍್ಯಾಕಿನ ಕೆಳಗಿನ ಅರ್ಧ ಮಾತ್ರ ನಮ್ಮದು. ಅಲ್ಲಿಗೆ ಹೋಗಬೇಕಾದರೆ ಹಿಂದಿನ ದಿನವೇ ಅರ್ಜಿ ಹಾಕಬೇಕು. ಅವರ ಟೆಕ್ನೀಷಿಯನ್ ಒಬ್ಬ ಬಂದು ಬಾಗಿಲು ತೆಗೆದು, ನಮ್ಮ ಕೆಲಸ ಮುಗಿಯುವ ತನಕ ಆಕಳಿಸುತ್ತಾ ಪಕ್ಕದಲ್ಲೇ ನಿಂತಿರುತ್ತಿದ್ದ. ಕರೆಂಟು ಅವರದು, ಎಸಿ ಅವರದು, ನಿಲ್ಲುವ ನೆಲವೂ ಅವರದು.

ಮೇಲಿನ ಅರ್ಧದಲ್ಲಿ ಅವರ ಸಿಎಂಟಿಎಸ್ ಕೂತಿತ್ತು. ಮನೆಗಳಲ್ಲಿರುವ ಸಾವಿರಾರು ಕೇಬಲ್ ಮೊಡೆಮ್‌ಗಳ ಜೊತೆ ಮಾತಾಡುವ ಯಂತ್ರ ಅದು. ಅದರ ಬೆನ್ನಿನಿಂದ ಒಂದು ಹಳದಿ ಫೈಬರ್ ಜಂಪರ್ ಇಳಿದು ನಮ್ಮ ರೂಟರಿಗೆ ಸೇರುತ್ತಿತ್ತು. ಉದ್ದ ಎರಡು ಮೀಟರ್, ದಪ್ಪ ಶೂ ಲೇಸಿನಷ್ಟು. ಎರಡೂ ತುದಿಗೆ ಯಾರೋ ಬಾಲ್‌ಪೆನ್ನಿನಲ್ಲಿ ಬರೆದು ಅಂಟಿಸಿದ್ದ ಚೀಟಿಯ ಅಕ್ಷರಗಳು ಮಾಸಿಹೋಗಿದ್ದವು. ನಮ್ಮ ಕಂಪನಿಯ ಮೂರರಲ್ಲಿ ಎರಡು ಪಾಲು ಆ ಜಂಪರ್ ಮೇಲೆ ನೇತಾಡುತ್ತಿತ್ತು. ಮೊದಲ ಸಲ ನೋಡಿದಾಗ ನನಗೇನೂ ಅನ್ನಿಸಲಿಲ್ಲ, ಬಿಡಿ. ಎಲ್ಲ ಕಡೆ ಇರುವಂಥದ್ದೇ ಒಂದು ಜಂಪರ್.

ಒಪ್ಪಂದದ ಪ್ರಕಾರ ತಂತಿ, ಕಂಬ, ಸಿಎಂಟಿಎಸ್, ಮನೆಗೆ ಹೋಗುವ ಟೆಕ್ನೀಷಿಯನ್ ಅವರ ಪಾಲು. ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ), ಇಮೇಲ್, ಡಿಎನ್‌ಎಸ್ (ತಾಣದ ಹೆಸರಿನಿಂದ ಆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆ), ಹೊರಜಗತ್ತಿನ ಸಂಪರ್ಕ, ಬಿಲ್ಲಿಂಗ್ ಮತ್ತು ಕಾಲ್ ಸೆಂಟರ್ ನಮ್ಮ ಪಾಲು. ತಿಂಗಳ ಶುಲ್ಕದಲ್ಲಿ ಹೆಚ್ಚಿನ ಭಾಗ ಅವರಿಗೆ. ಅದಕ್ಕೆ ಪ್ರತಿಯಾಗಿ ನಮಗೆ ಸಿಕ್ಕಿದ್ದು 'ಏಕಸ್ವಾಮ್ಯ' ಎಂಬ ಒಂದು ಪದ: ಒಪ್ಪಂದ ಇರುವಷ್ಟು ಕಾಲ ಆ ತಂತಿಯ ಮೇಲೆ ಬೇರೆ ಇಂಟರ್ನೆಟ್ ಕಂಪನಿ ಬರುವಂತಿಲ್ಲ. ನಮ್ಮ ಮಾರಾಟದವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಪದ ಅದು. 'ಒಪ್ಪಂದ ಇರುವಷ್ಟು ಕಾಲ' ಅನ್ನುವುದನ್ನು ಯಾರೂ ಒತ್ತಿ ಓದುತ್ತಿರಲಿಲ್ಲ.

ಈ ಹಂಚಿಕೆಯಿಂದ ದಿನನಿತ್ಯ ಏನಾಗುತ್ತಿತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು.

ಕೇಬಲ್ ಜಾಲದಲ್ಲಿ ಮನೆಯಿಂದ ಹೊರಗೆ ಹೋಗುವ ಸಿಗ್ನಲ್ಲಿಗೆ ಸಿಗುವ ಜಾಗ ತೀರಾ ಇಕ್ಕಟ್ಟು. ಕೇಬಲ್ ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡವಾದ ಡಾಕ್ಸಿಸ್‌ನ ಹಳೆಯ ವ್ಯವಸ್ಥೆಯಲ್ಲಿ 5ರಿಂದ 42 ಮೆಗಾಹರ್ಟ್ಸ್ ತನಕ, ಯುರೋಪಿನಲ್ಲಾದರೆ 65ರ ತನಕ. ಶಾರ್ಟ್‌ವೇವ್ ರೇಡಿಯೊ, ಹಳೆಯ ಮೋಟರುಗಳು ಉಗುಳುವ ಗದ್ದಲ, ಎಲ್ಲ ಇರುವುದೂ ಅದೇ ಪಟ್ಟಿಯಲ್ಲಿ. ಯಾರದೋ ಮನೆಯ ಗೋಡೆಯಲ್ಲಿ ಒಂದು ಕನೆಕ್ಟರ್ ಸಡಿಲಾದರೆ ಸಾಕು, ಆ ಗದ್ದಲ ತಂತಿಯೊಳಗೆ ನುಗ್ಗಿ, ಅದೇ ನೋಡ್‌ನಲ್ಲಿರುವ, ಅಂದರೆ ತಂತಿಯ ಒಂದೇ ಕವಲು ಹಂಚಿಕೊಂಡಿರುವ, ಅಷ್ಟೂ ಮನೆಗಳ ಸಿಗ್ನಲ್ಲಿನ ಜೊತೆ ಸೇರಿ ಹೆಡ್‌ಎಂಡಿಗೆ ಬರುತ್ತದೆ. ಕೆಡಿಸಿದವನು ಒಬ್ಬ, ಅನುಭವಿಸುವವರು ನೂರಾರು. ಇಂಥ ನೋಡ್ ಒಂದಿತ್ತು. ದಿನಾ ಸಂಜೆ ಏಳಕ್ಕೆ ಸರಿಯಾಗಿ ಕೆಡುತ್ತಿತ್ತು, ಹತ್ತೂವರೆಗೆ ತಾನೇ ಸರಿಹೋಗುತ್ತಿತ್ತು. ನಮ್ಮ ಗ್ರಾಫಿನಲ್ಲಿ ಆ ಹಳ್ಳ ಅಚ್ಚೊತ್ತಿದಂತೆ ಕಾಣುತ್ತಿತ್ತು. ಆದರೆ ನಾವು ಯಾರನ್ನೂ ಕಳಿಸುವಂತಿಲ್ಲ. ಟಿಕೆಟ್ ಬರೆದು ಅವರಿಗೆ ಹಾಕಬೇಕು. ಅವರ ಟೆಕ್ನೀಷಿಯನ್ ಮಾರನೆಯ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಮೀಟರ್ ಹಿಡಿದು ನೋಡಿ, 'ಸಮಸ್ಯೆ ಕಂಡುಬಂದಿಲ್ಲ' ಅಂತ ಟಿಕೆಟ್ ಮುಚ್ಚುತ್ತಿದ್ದ. ಬೆಳಗ್ಗೆ ಹನ್ನೊಂದಕ್ಕೆ ನಿಜಕ್ಕೂ ಸಮಸ್ಯೆ ಇರುತ್ತಿರಲಿಲ್ಲ, ಅವನದೇನೂ ತಪ್ಪಿಲ್ಲ. ಸಂಜೆ ಏಳರ ನಂತರ ಹೋಗಿ ಅಂತ ನಾವು ಬರೆದರೆ, ಅದು ಅವರ ಕೆಲಸದ ಹೊತ್ತಲ್ಲ. ಹನ್ನೊಂದು ಸಲ ಮುಚ್ಚಿದ ಟಿಕೆಟ್ ಅದು. ಆ ಹನ್ನೊಂದು ಸಲವೂ ಗ್ರಾಹಕರು ಬೈದದ್ದು ನಮ್ಮ ಕಾಲ್ ಸೆಂಟರಿನ ಹುಡುಗಿಯರನ್ನು. ಬಿಲ್ಲಿನ ಮೇಲೆ ಇದ್ದದ್ದು ನಮ್ಮ ಹೆಸರಲ್ಲವೇ.

ಟಿವಿ ಹೋದರೆ ಮಾತ್ರ ಅವರ ಗಾಡಿ ಅರ್ಧ ಗಂಟೆಯಲ್ಲಿ ಹೊರಡುತ್ತಿತ್ತು. ಆ ನೋಡ್‌ನಲ್ಲಿ ಟಿವಿ ಹೋಗಲಿ ದೇವರೇ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದಿದೆ.

ನನ್ನ ಮೇಲಿನ ಅಧಿಕಾರಿ ಕಡಿಮೆ ಮಾತಿನ ಮನುಷ್ಯ. ಕೆಲಸಕ್ಕೆ ಸೇರಿದ ಎರಡನೆಯ ವಾರ ಒಂದು ಕಾಗದದ ಕಂತೆ ನನ್ನ ಮೇಜಿನ ಮೇಲಿಟ್ಟು, 'ಇದನ್ನ ಓದು, ನಮ್ಮ ಜಾತಕ' ಅಂದು ಹೋದರು. ಎಟ್‌ಹೋಮ್ ಎಂಬ ಅಮೆರಿಕದ ಕಂಪನಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ವರದಿಗಳು. ಅದು ಮುಚ್ಚಿ ಆಗ ನಾಲ್ಕೈದು ವರ್ಷವಾಗಿತ್ತು, ಅಷ್ಟೆ.

ಎಟ್‌ಹೋಮ್ ಹುಟ್ಟಿದ್ದು 1995ರಲ್ಲಿ. ಟಿಸಿಐ ಎಂಬ ಕೇಬಲ್ ಕಂಪನಿ ಮತ್ತು ಕ್ಲೈನರ್ ಪರ್ಕಿನ್ಸ್ ಎಂಬ ಬಂಡವಾಳ ಸಂಸ್ಥೆ ಸೇರಿ ಕಟ್ಟಿದ್ದು. ಮಾರನೆಯ ವರ್ಷ ಕಾಕ್ಸ್ ಮತ್ತು ಕಾಮ್‌ಕಾಸ್ಟ್ ಜೊತೆಯಾದವು. ಜಾಲವನ್ನು ರೂಪಿಸಿದ ಮೈಲೊ ಮೆಡಿನ್ ನಾಸಾದ ಏಮ್ಸ್ ಕೇಂದ್ರದಿಂದ ಬಂದವರು. ತಂತಿ ಕೇಬಲ್ ಕಂಪನಿಗಳದು, ಜಾಲದ ಬೆನ್ನೆಲುಬು ಎಟ್‌ಹೋಮ್‌ನದು. ಶುಲ್ಕದಲ್ಲಿ ನೂರಕ್ಕೆ 65 ಅವರಿಗೆ, 35 ಇವರಿಗೆ. ಓದುತ್ತಾ ಓದುತ್ತಾ ಹೆಸರು ಬದಲಿಸಿದರೆ ನಮ್ಮದೇ ಒಪ್ಪಂದ ಅನ್ನಿಸಿತು. ಆ ಕೇಬಲ್ ಕಂಪನಿಗಳು ಬರೀ ಪಾಲುದಾರರಲ್ಲ, ಮಾಲೀಕರೂ ಹೌದು. ಆಡಳಿತ ಮಂಡಳಿಯಲ್ಲಿ ಕೂತು ಬೇಡ ಅನ್ನುವ ಹಕ್ಕೂ ಅವರಿಗಿತ್ತು. ನಿನ್ನ ಗಿರಾಕಿ, ನಿನ್ನ ಮನೆಮಾಲೀಕ, ನಿನ್ನ ಯಜಮಾನ ಮೂವರೂ ಒಬ್ಬನೇ ಆದರೆ ಚೌಕಾಸಿ ಯಾರ ಹತ್ತಿರ ಮಾಡುವುದು?

1999ರಲ್ಲಿ ಎಟ್‌ಹೋಮ್ ಎಕ್ಸೈಟ್ ಎಂಬ ಹುಡುಕುತಾಣವನ್ನು ಕೊಂಡಿತು. ಘೋಷಣೆಯಾದಾಗ ಅದರ ಬೆಲೆ ಸುಮಾರು 670 ಕೋಟಿ ಡಾಲರ್. ಅದೇ ವರ್ಷ ಎಟಿ ಆ್ಯಂಡ್ ಟಿ ಟಿಸಿಐಯನ್ನು ನುಂಗಿ, ಎಟ್‌ಹೋಮ್‌ನ ಲಗಾಮೂ ಅದರ ಕೈಗೆ ಹೋಯಿತು. ನನ್ನ ಅಧಿಕಾರಿ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದದ್ದು ಮಾತ್ರ ಬೇರೆ ಕಡೆ. 2000ದಲ್ಲಿ ಕಾಕ್ಸ್ ಮತ್ತು ಕಾಮ್‌ಕಾಸ್ಟ್ ಮಂಡಳಿಯ ಮೇಲಿನ ಹಿಡಿತ ಬಿಟ್ಟುಕೊಟ್ಟವು. ಅದಕ್ಕೆ ಬದಲಾಗಿ ತಮ್ಮ ಷೇರುಗಳನ್ನು ಎಟಿ ಆ್ಯಂಡ್ ಟಿಗೆ ಕನಿಷ್ಠ 48 ಡಾಲರಿನಂತೆ ಮಾರುವ ಹಕ್ಕು ಬರೆಸಿಕೊಂಡವು. ಮಾರನೆಯ ವರ್ಷ ಪೇಟೆಯಲ್ಲಿ ಆ ಷೇರು ಒಂದು ಡಾಲರಿಗಿಂತ ಕೆಳಗೆ ಬಿತ್ತು. ಪಾಲುದಾರರು ಹೊರಗೆ ಹೋಗುವ ದಾರಿ ಮೊದಲೇ ಮಾಡಿಕೊಂಡಿದ್ದರು. ಹಾಳೆಯ ಅಂಚಿನಲ್ಲಿ ಕೆಂಪಕ್ಷರದಲ್ಲಿ ಒಂದೇ ಪ್ರಶ್ನೆ: 'ನಮ್ಮವರದು ಎಲ್ಲಿದೆ?'

2001ರ ಸೆಪ್ಟೆಂಬರ್ 28ರಂದು ಎಕ್ಸೈಟ್ ಎಟ್‌ಹೋಮ್ ದಿವಾಳಿ ಅರ್ಜಿ ಹಾಕಿತು. ಜಾಲವನ್ನು 30.7 ಕೋಟಿ ಡಾಲರಿಗೆ ಕೊಳ್ಳುತ್ತೇನೆ ಅಂತ ಎಟಿ ಆ್ಯಂಡ್ ಟಿ ಮುಂದೆ ಬಂತು. ಸಾಲ ಕೊಟ್ಟವರು ಅದು ತೀರಾ ಕಡಿಮೆ ಅಂದರು. ನವೆಂಬರ್ 30ರಂದು ನ್ಯಾಯಾಧೀಶರು ಕೇಬಲ್ ಕಂಪನಿಗಳ ಜೊತೆಗಿನ ಒಪ್ಪಂದ ಮುರಿಯಲು ಎಟ್‌ಹೋಮ್‌ಗೆ ಅನುಮತಿ ಕೊಟ್ಟರು. ಅಂದು ರಾತ್ರಿ ಕಳೆದು ಡಿಸೆಂಬರ್ 1 ಹುಟ್ಟುತ್ತಿದ್ದಂತೆ ಎಟಿ ಆ್ಯಂಡ್ ಟಿಯ ಸುಮಾರು ಎಂಟೂವರೆ ಲಕ್ಷ ಮನೆಗಳಲ್ಲಿ ಮೊಡೆಮ್ ದೀಪ ಆರಿತು. ಇಲ್ಲಿ ಜಾಲದವನೇ ಪಾಲುದಾರನ ಕುತ್ತಿಗೆ ಹಿಡಿದದ್ದು ಅಂತ ಒಂದು ಗಳಿಗೆ ಅನ್ನಿಸುತ್ತದೆ. ಆದರೆ ಎಟಿ ಆ್ಯಂಡ್ ಟಿ ಕೆಲವೇ ದಿನಗಳಲ್ಲಿ ಆ ಗ್ರಾಹಕರನ್ನೆಲ್ಲ ತನ್ನದೇ ಜಾಲಕ್ಕೆ ಸಾಗಿಸಿಬಿಟ್ಟಿತು. ಕೊಳ್ಳುವ ಮಾತನ್ನೂ ಹಿಂತೆಗೆದುಕೊಂಡಿತು. ಕಾಕ್ಸ್ ಮತ್ತು ಕಾಮ್‌ಕಾಸ್ಟ್ ತಲಾ 16 ಕೋಟಿ ಡಾಲರ್ ತೆತ್ತು ಮೂರು ತಿಂಗಳ ಗಡುವು ಕೊಂಡುಕೊಂಡು, ಆ ಮೂರು ತಿಂಗಳಲ್ಲಿ ತಮ್ಮ ಜಾಲ ಕಟ್ಟಿಕೊಂಡವು. 2002ರ ಫೆಬ್ರವರಿ 28ಕ್ಕೆ ಎಟ್‌ಹೋಮ್ ಮುಗಿಯಿತು. ಸುಮಾರು 40 ಲಕ್ಷ ಗ್ರಾಹಕರಿದ್ದ ಕಂಪನಿ. ಗ್ರಾಹಕರಲ್ಲಿ ಒಬ್ಬರ ಮನೆಯ ತಂತಿಯೂ ಬದಲಾಗಲಿಲ್ಲ.

ಆ ಕೊನೆಯ ಸಂಗತಿಯೇ ನನಗೆ ಅಂಟಿಕೊಂಡದ್ದು. ಗೇಣಿಗೆ ಹಿಡಿದ ಹೊಲದಲ್ಲಿ ಉತ್ತು ಬಿತ್ತಿ ಬೆಳೆದದ್ದೆಲ್ಲ ಸರಿ, ಆದರೆ ಪಹಣಿ ಯಾರ ಹೆಸರಿನಲ್ಲಿದೆ?

ನಮ್ಮ ಸರದಿ ಬಂದದ್ದು ಕಾಗದದಿಂದ ಅಲ್ಲ, ರೂಟಿಂಗ್ ಟೇಬಲ್ಲಿನಿಂದ. ಒಂದು ಬೆಳಗ್ಗೆ ಬೇರೇನೋ ಹುಡುಕುತ್ತಾ ಬಿಜಿಪಿ ಪಟ್ಟಿ, ಅಂದರೆ ಯಾವ ವಿಳಾಸ ಯಾರ ಜಾಲದಲ್ಲಿದೆ ಅಂತ ಜಾಲಗಳು ಪರಸ್ಪರ ಸಾರಿಕೊಳ್ಳುವ ಪಟ್ಟಿ, ನೋಡುತ್ತಿದ್ದಾಗ ಒಂದು ಹೊಸ ಐಪಿ ಗುಂಪು ಕಣ್ಣಿಗೆ ಬಿತ್ತು. ನಾಲ್ಕು ಸಾವಿರದ ಚಿಲ್ಲರೆ ವಿಳಾಸಗಳು, ಹೊಸ ಎಎಸ್ ಸಂಖ್ಯೆ. ನೋಂದಣಿ ದಾಖಲೆ ತೆಗೆದರೆ ನಮ್ಮ ದೊಡ್ಡವರ ಹೆಸರು. ಎಎಸ್ ಸಂಖ್ಯೆ ಅಂದರೆ ಇಂಟರ್ನೆಟ್ಟಿನಲ್ಲಿ ಸ್ವಂತ ಮನೆಯ ಬಾಗಿಲ ಮೇಲಿನ ನಂಬರ್ ಇದ್ದಂತೆ. ಟಿವಿ ಹಂಚುವವರಿಗೆ ಅದರ ಅಗತ್ಯವೇ ಇಲ್ಲ. ಓಡಿಹೋಗಿ ಮೇಲಿನವರಿಗೆ ಹೇಳಿದೆ. ಆಡಳಿತದವರು, 'ಅವರ ಆಫೀಸಿಗೆ ಇರಬೇಕು, ಸಂಬಂಧ ಕೆಡಿಸಬೇಡಿ' ಅಂದರು. ನಾಲ್ಕು ಸಾವಿರ ವಿಳಾಸ ಬೇಕಾಗುವ ಆಫೀಸು ಎಂಥದ್ದಿರಬಹುದು ಅಂತ ನನ್ನ ಅಧಿಕಾರಿ ಒಮ್ಮೆ ಕೇಳಿದರು. ಉತ್ತರ ಬರಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಐದು ತಿಂಗಳಾದ ಮೇಲೆ ಕಾಗದ ಬಂತು. ಒಪ್ಪಂದ ನವೀಕರಿಸುವುದಿಲ್ಲ, ತೊಂಬತ್ತು ದಿನದಲ್ಲಿ ಗ್ರಾಹಕರ ಸ್ಥಳಾಂತರ, 'ಈ ಪ್ರಕ್ರಿಯೆಯಲ್ಲಿ ತಮ್ಮ ಸಹಕಾರ ಕೋರುತ್ತೇವೆ'. ವಿನಯಕ್ಕೇನೂ ಕಡಿಮೆ ಇರಲಿಲ್ಲ. ಆ ಸಹಕಾರದ ಹೊಣೆ ನನ್ನ ತಲೆಗೆ ಬಂತು. ನಾನು ಸಾಕಿದ್ದ ಗ್ರಾಹಕರನ್ನು ನಾನೇ ಕೈಹಿಡಿದು ಆಚೆ ಮನೆಗೆ ಬಿಟ್ಟುಬರುವ ಕೆಲಸ.

ಮೊದಲ ಮೂರು ವಾರ ಹೋದದ್ದು ಒಂದೇ ಪ್ರಶ್ನೆಗೆ: ಗ್ರಾಹಕ ಯಾರವನು? ಒಪ್ಪಂದದಲ್ಲಿ 'ಉಭಯ ಪಕ್ಷಗಳ ಗ್ರಾಹಕ' ಅಂತಿತ್ತು. ಸಹಿ ಹಾಕುವಾಗ ಮುದ್ದಾಗಿ ಕಂಡಿರಬೇಕು. ನಮ್ಮ ಹತ್ತಿರ ಹೆಸರು, ಇಮೇಲ್, ಬಿಲ್ಲು ಕಟ್ಟಿದ ಚರಿತ್ರೆ ಇತ್ತು. ಅವರ ಹತ್ತಿರ ಮನೆ ವಿಳಾಸ, ತಂತಿ ಇತ್ತು. ನಡುವೆ ಇದ್ದದ್ದು ಮೊಡೆಮ್‌ಗಳ ಮ್ಯಾಕ್ ಸಂಖ್ಯೆಗಳ ಪಟ್ಟಿ. ಪ್ರತಿ ಮೊಡೆಮ್‌ನ ಹೊಟ್ಟೆಯ ಕೆಳಗೆ ಅಚ್ಚಾಗಿರುವ ಹನ್ನೆರಡು ಅಕ್ಷರ. ಆ ಪಟ್ಟಿ ಕೊಡುವುದಿಲ್ಲ ಅಂತ ನಮ್ಮ ವಕೀಲರು ಪಟ್ಟು ಹಿಡಿದರು. ಇದೇ ನಮ್ಮ ಕೊನೆಯ ಅಸ್ತ್ರ ಅಂತ ಸಭೆಗಳ ಮೇಲೆ ಸಭೆ. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ, ಕೊನೆಗೆ ತಡೆಯದೆ ಬಾಯಿಬಿಟ್ಟೆ: 'ಸರ್, ಮೊಡೆಮ್‌ಗಳೆಲ್ಲ ಮಾತಾಡೋದು ಅವರ ಸಿಎಂಟಿಎಸ್ ಜೊತೆ. ಒಂದು ಕಮಾಂಡ್ ಹಾಕಿದರೆ ಅಷ್ಟೂ ಮ್ಯಾಕ್ ಅವರ ಸ್ಕ್ರೀನ್ ಮೇಲೆ ಸುರಿಯುತ್ತೆ.' ಸಭೆಯಲ್ಲಿ ಮೌನ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಅಸ್ತ್ರದ ಮಾತು ಅಲ್ಲಿಗೆ ಮುಗಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಕಥೆಯ ಗಂಟು ಇಲ್ಲೇ ಇದೆ. ಕೇಬಲ್ ಮೊಡೆಮ್ ಹುಟ್ಟಾ ದಡ್ಡ. ಪ್ರತಿ ಸಲ ಆನ್ ಆದಾಗಲೂ ಅದಕ್ಕೆ ತಾನು ಯಾರೆಂದೇ ಗೊತ್ತಿರುವುದಿಲ್ಲ. ಮೊದಲು ತಂತಿಯ ಮೇಲೆ ಸಿಗ್ನಲ್ ಹುಡುಕುತ್ತದೆ, ಆಮೇಲೆ 'ನನಗೊಂದು ವಿಳಾಸ ಕೊಡಿ' ಅಂತ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ವಿಳಾಸ ಕೊಟ್ಟು, ಜೊತೆಗೆ 'ನಿನ್ನ ಕಾನ್ಫಿಗರೇಷನ್ ಫೈಲ್ ಇಂಥ ಕಡೆ ಇದೆ' ಅನ್ನುತ್ತದೆ. ಮೊಡೆಮ್ ಆ ಫೈಲು ತಂದುಕೊಂಡಾಗಲೇ ಅದಕ್ಕೆ ವೇಗ ಎಷ್ಟು, ಒಳಗೆ ಎಷ್ಟು ಕಂಪ್ಯೂಟರ್ ಬಿಡಬಹುದು ಎಲ್ಲ ತಿಳಿಯುವುದು. ಯಾರ ಸರ್ವರಿನಿಂದ ಫೈಲು ಬರುತ್ತದೋ ಮೊಡೆಮ್ ಅವರದು. ಮೊಡೆಮ್ ಯಾರದೋ ಗ್ರಾಹಕ ಅವರವನು. ಈ ಕೂಗು ಯಾವ ಸರ್ವರಿಗೆ ಹೋಗಬೇಕು ಅನ್ನುವುದು ಸಿಎಂಟಿಎಸ್‌ನಲ್ಲಿ ಒಂದೇ ಒಂದು ಸಾಲು. ಹೆಲ್ಪರ್ ಅಡ್ರೆಸ್ ಅನ್ನುತ್ತಾರೆ. ಏಳು ವರ್ಷ ಆ ಸಾಲಿನಲ್ಲಿ ನಮ್ಮ ಸರ್ವರಿನ ಸಂಖ್ಯೆ ಇತ್ತು. ಸಾಲು ಇದ್ದದ್ದು ಅವರ ಯಂತ್ರದಲ್ಲಿ, ಪಾಸ್‌ವರ್ಡ್ ಅವರದು. ಎಂಬತ್ತು ಪುಟದ ಒಪ್ಪಂದದಲ್ಲಿ ಆ ಸಾಲಿನ ಪ್ರಸ್ತಾಪವೇ ಇರಲಿಲ್ಲ.

ತಯಾರಿ ನಡೆಯಿತು. ಗ್ರಾಹಕರ ಕಂಪ್ಯೂಟರುಗಳಿಗೆ ನಾವು ಕೊಡುತ್ತಿದ್ದ ವಿಳಾಸದ ಲೀಸ್, ಅಂದರೆ ಅದನ್ನು ಇಟ್ಟುಕೊಳ್ಳಬಹುದಾದ ಅವಧಿ, ನಾಲ್ಕು ದಿನದ್ದು. ಅದನ್ನು ಹಂತಹಂತವಾಗಿ ಒಂದು ಗಂಟೆಗೆ ಇಳಿಸಿದೆ, ಇಲ್ಲದಿದ್ದರೆ ಆಚೆ ದಾಟಿದ ಮೇಲೂ ಜನ ಹಳೆಯ ವಿಳಾಸ ಹಿಡಿದುಕೊಂಡು ಕೂರುತ್ತಿದ್ದರು. ಡಿಎನ್‌ಎಸ್‌ನ ಟಿಟಿಎಲ್, ಅಂದರೆ ಹಳೆಯ ಉತ್ತರ ನೆನಪಿಟ್ಟುಕೊಳ್ಳುವ ಅವಧಿ, ಐದು ನಿಮಿಷಕ್ಕೆ ತಂದೆ. ಸ್ಥಿರ ಐಪಿ ಇದ್ದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ವಿಳಾಸ ನಿಮ್ಮ ಜೊತೆ ಬರುವುದಿಲ್ಲ ಅಂತ ವಿವರಿಸಿದೆ. 'ಏಳು ವರ್ಷದಿಂದ ಅದು ನನ್ನ ನಂಬರ್ ಅಲ್ಲವಾ?' ಅಂತ ಒಬ್ಬರು ಕೇಳಿದರು. ಅಲ್ಲ, ಕಂಪನಿಯದು. ಆದರೆ ನಮಗೂ ಅವರಿಗೂ ಅಂಥ ವ್ಯತ್ಯಾಸವಿರಲಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.

ಆ ರಾತ್ರಿ ಒಂದು ಗಂಟೆಗೆ ಶುರು. ಅವರ ಎಂಜಿನಿಯರ್ ಫೋನಿನಲ್ಲಿ, ನಾನು ನಮ್ಮ ಮಾನಿಟರ್ ಮುಂದೆ. ಅವನು ಒಳ್ಳೆಯ ಹುಡುಗ, ವರ್ಷಗಳಿಂದ ಗೊತ್ತು. 'ಸಾಲು ಬದಲಿಸ್ತಾ ಇದೀನಿ' ಅಂದ. ಬದಲಿಸಿದ. ಏನೂ ಆಗಲಿಲ್ಲ. ಮೊಡೆಮ್‌ಗಳು ಮತ್ತೆ ಹುಟ್ಟಿದಾಗ ತಾನೇ ಗೊತ್ತಾಗುವುದು. 'ಒಂದನೇ ನೋಡ್ ರೀಸೆಟ್' ಅಂದ. ನಮ್ಮ ಲೀಸ್ ಗ್ರಾಫಿನ ಗೆರೆ ಏಳು ವರ್ಷದಿಂದ ಮೇಲೇರುತ್ತಲೇ ಬಂದದ್ದು, ಒಂದು ಮೆಟ್ಟಿಲು ಇಳಿಯಿತು. ಎರಡು ನಿಮಿಷ ಬಿಟ್ಟು ಎರಡನೇ ನೋಡ್, ಇನ್ನೊಂದು ಮೆಟ್ಟಿಲು. ಹೀಗೆ ಬೆಳಗಿನ ಜಾವ ನಾಲ್ಕರ ತನಕ. ಯಾವ ಅಪಘಾತವೂ ಇಲ್ಲ, ಕಿರುಚಾಟವೂ ಇಲ್ಲ. ಗೆರೆ ಅಚ್ಚುಕಟ್ಟಾಗಿ ಮೆಟ್ಟಿಲು ಇಳಿದು ನೆಲ ಮುಟ್ಟಿತು. ಸಂಜೆ ಏಳಕ್ಕೆ ಕೆಡುತ್ತಿದ್ದ ನೋಡ್‌ನ ಹೆಸರು ಬಂದಾಗ ಇಬ್ಬರೂ ನಕ್ಕೆವು. 'ಇನ್ಮೇಲೆ ಇದು ನಿನ್ನ ಪ್ರಾರಬ್ಧ' ಅಂದೆ.

ಇಷ್ಟೆಲ್ಲ ನಾಜೂಕಾಗಿ ಮುಗಿಸಿದೆ ಅಂತ ಬೀಗುತ್ತಾ ಮನೆಗೆ ಹೋಗಿ ಮಲಗಿದವನನ್ನು ಎಂಟೂವರೆಗೆ ಫೋನ್ ಎಬ್ಬಿಸಿತು. ಯಾರಿಗೂ ಮೇಲ್ ಕಳಿಸಲು ಆಗುತ್ತಿಲ್ಲ. ಬರುತ್ತಿದೆ, ಹೋಗುತ್ತಿಲ್ಲ. ಕಾಲ್ ಸೆಂಟರಿನ ಎಲ್ಲ ಲೈನೂ ಭರ್ತಿ.

ಹಲ್ಲುಜ್ಜುತ್ತಾ ಇರುವಾಗಲೇ ಹೊಳೆಯಿತು, ಮೈಯೆಲ್ಲ ತಣ್ಣಗಾಯಿತು. ನಮ್ಮ ಮೇಲ್ ಸರ್ವರಿಗೆ ಹಳೆಯ ಕಾಲದ ಒಂದು ನಿಯಮವಿತ್ತು: ನಮ್ಮ ಐಪಿ ಗುಂಪಿನೊಳಗಿಂದ ಬಂದ ಮೇಲ್ ಆದರೆ ಪಾಸ್‌ವರ್ಡ್ ಕೇಳದೆ ಕಳಿಸು, ಹೊರಗಿನವರಾದರೆ ತಿರಸ್ಕರಿಸು. ಸ್ಪ್ಯಾಮ್ ತಡೆಯಲು ಇದ್ದ ಸುಲಭದ ಬೇಲಿ. ರಾತ್ರೋರಾತ್ರಿ ನಮ್ಮ ಗ್ರಾಹಕರೆಲ್ಲ ಅವರ ಐಪಿಗೆ ದಾಟಿದ್ದರಿಂದ, ನಮ್ಮ ಸರ್ವರಿನ ಕಣ್ಣಿಗೆ ಅವರೆಲ್ಲ ಅಪರಿಚಿತರಾಗಿದ್ದರು. ಮೂರು ತಿಂಗಳು ಬರೆದ ಯೋಜನೆಯಲ್ಲಿ, ಎರಡು ಸಲ ಮಾಡಿದ ತಾಲೀಮಿನಲ್ಲಿ ಈ ಒಂದು ವಿಷಯ ನನ್ನ ತಲೆಗೆ ಬಂದಿರಲಿಲ್ಲ. ತಾಲೀಮಿಗೆ ಬಳಸಿದ ಖಾತೆ ಪಾಸ್‌ವರ್ಡ್ ಕೇಳುವ 587ನೇ ಪೋರ್ಟಿನಲ್ಲಿತ್ತು, ಗ್ರಾಹಕರದು ಪಾಸ್‌ವರ್ಡ್ ಕೇಳದ 25ರಲ್ಲಿ. ಪಾಲುದಾರರದ್ದಲ್ಲ, ಪೂರಾ ನನ್ನದೇ ತಪ್ಪು.

ಸದ್ಯಕ್ಕೆ ಅವರ ಹೊಸ ಐಪಿ ಗುಂಪನ್ನೂ 'ನಮ್ಮವರು' ಎಂಬ ಪಟ್ಟಿಗೆ ಸೇರಿಸಿದೆ. ನಮ್ಮನ್ನು ಹೊರಗೆ ಹಾಕಿದ ಜಾಲವನ್ನು ನನ್ನ ಕೈಯಾರೆ 'ನಮ್ಮವರು' ಅಂತ ಟೈಪ್ ಮಾಡಿದ್ದು ಮಾತ್ರ ಇವತ್ತಿಗೂ ನೆನಪಿದೆ. ಆಮೇಲೆ ಒಂದು ತಿಂಗಳು ಕಾಲ್ ಸೆಂಟರಿನವರು ಒಬ್ಬೊಬ್ಬರಿಗೂ ಮೇಲ್ ಸೆಟ್ಟಿಂಗ್ ಬದಲಿಸುವುದು ಹೇಳಿಕೊಟ್ಟರು. ನಮ್ಮ ಡೊಮೇನಿನ ಮೇಲ್ ವಿಳಾಸಗಳನ್ನು ಒಂದು ವರ್ಷ ಉಚಿತವಾಗಿ ನಡೆಸಿದೆವು. ಎಟ್‌ಹೋಮ್ ಮುಚ್ಚಿದಾಗ ಅದರ ಮೇಲ್ ವಿಳಾಸಗಳೂ ಜೊತೆಗೇ ಸತ್ತವು ಅಂತ ಓದಿದ್ದೆ. ನನ್ನ ಅಧಿಕಾರಿ ಆ ಒಂದು ವಿಷಯದಲ್ಲಿ ಮಾತ್ರ ಆಡಳಿತದ ಜೊತೆ ಜಗಳವಾಡಿದರು.

ಕಾನೂನು ಇರಲಿಲ್ಲವೇ ಅಂತ ಬಹಳ ಜನ ಕೇಳಿದ್ದಾರೆ. ತಂತಿಯವರು ತಮ್ಮ ತಂತಿಯನ್ನು ಬೇರೆಯವರಿಗೂ ಬಾಡಿಗೆಗೆ ಕೊಡಲೇಬೇಕು ಅನ್ನುವ ನಿಯಮ ಎಲ್ಲ ಕಡೆ ಇಲ್ಲ, ಇದ್ದ ಕಡೆಯೂ ನಿಂತ ನೆಲವಲ್ಲ. ಅಮೆರಿಕದಲ್ಲಿ ಬ್ರ್ಯಾಂಡ್ ಎಕ್ಸ್ ಎಂಬ ಸಣ್ಣ ಇಂಟರ್ನೆಟ್ ಕಂಪನಿ ಇದೇ ಹಕ್ಕಿಗಾಗಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2005ರ ಜೂನ್ 27ರಂದು ಆರು–ಮೂರರ ತೀರ್ಪಿನಲ್ಲಿ ಸೋತಿತು. ಕೇಬಲ್ ಇಂಟರ್ನೆಟ್ 'ಮಾಹಿತಿ ಸೇವೆ', ಫೋನಿನಂತೆ ಸಾರ್ವಜನಿಕರಿಗೆ ತೆರೆದಿಡಬೇಕಾದ ದೂರಸಂಪರ್ಕವಲ್ಲ ಅಂತ ಅಲ್ಲಿನ ಸಂಪರ್ಕ ನಿಯಂತ್ರಕ ಎಫ್‌ಸಿಸಿ 2002ರಲ್ಲಿ ಹೇಳಿದ್ದನ್ನು ಕೋರ್ಟು ಎತ್ತಿಹಿಡಿಯಿತು. ಕೆನಡಾದಲ್ಲಿ ತಂತಿ ಬಾಡಿಗೆಗೆ ಕೊಡುವುದು ಕಡ್ಡಾಯ. ಅಲ್ಲಿನ ನಿಯಂತ್ರಕ ಸಿಆರ್‌ಟಿಸಿ 2019ರ ಆಗಸ್ಟಿನಲ್ಲಿ ಸಣ್ಣ ಕಂಪನಿಗಳು ತೆರಬೇಕಾದ ಸಗಟು ದರ ತಗ್ಗಿಸಿತು, 2021ರ ಮೇನಲ್ಲಿ ಆ ಆದೇಶವನ್ನು ತಾನೇ ವಾಪಸು ತೆಗೆದುಕೊಂಡಿತು. ಕಡಿಮೆ ದರ ನಂಬಿ ಲೆಕ್ಕ ಹಾಕಿಕೊಂಡಿದ್ದವರ ಗತಿ ಊಹಿಸಿ. ನಿಯಮ ಬೇಡ ಅನ್ನುತ್ತಿಲ್ಲ. ಆದರೆ ತಂತಿಯ ಯಜಮಾನನ ಮರ್ಜಿಯ ಬದಲು ನಿಯಂತ್ರಕನ ಮರ್ಜಿಗೆ ನಿಂತಂತಾಯಿತು, ಅಷ್ಟೆ. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ. ಅಲ್ಲಿ ಕನಿಷ್ಠ ಅಹವಾಲು ಕೊಡಲು ಒಂದು ಕಿಟಕಿ ಇರುತ್ತದೆ.

ಉಳಿದ ಇಬ್ಬರು ಸಣ್ಣ ಪಾಲುದಾರರ ಜೊತೆ ಒಪ್ಪಂದ ಹೊಸದಾಗಿ ಬರೆಯುವಾಗ ನನ್ನನ್ನೂ ಕೂರಿಸಿಕೊಂಡರು. ಏಕಸ್ವಾಮ್ಯದ ಮಾತು ನಾನು ಎತ್ತಲೇ ಇಲ್ಲ. ಕೇಳಿದ್ದು ಬೇರೆ: ಹೆಡ್‌ಎಂಡಿನ ಒಂದು ಬೀಗದ ಕೈ. ಆ ಒಂದು ಸಾಲು ಬದಲಿಸಲು ಎರಡೂ ಕಡೆಯ ಲಿಖಿತ ಒಪ್ಪಿಗೆ. ಬಿಟ್ಟುಹೋಗುವುದಾದರೆ ತೊಂಬತ್ತು ದಿನವಲ್ಲ, ಒಂದು ವರ್ಷ. ಸಾಗಾಟದ ಖರ್ಚು ಬಿಟ್ಟುಹೋಗುವವರದು. ಗ್ರಾಹಕನ ಹೆಸರಿನ ಮುಂದೆ ಒಂದೇ ಕಂಪನಿಯ ಹೆಸರು. ಒಬ್ಬರು ಬೀಗದ ಕೈಗೆ ಒಪ್ಪಿದರು, ವರ್ಷಕ್ಕೆ ಒಪ್ಪಲಿಲ್ಲ. ಇನ್ನೊಬ್ಬರು ಉಲ್ಟಾ. ದೊಡ್ಡವರ ಹತ್ತಿರ ಇದನ್ನೆಲ್ಲ ಏಳು ವರ್ಷ ಹಿಂದೆ ಕೇಳಿದ್ದರೆ ಕೊಡುತ್ತಿದ್ದರಾ? ಬಹುಶಃ ಕೊಡುತ್ತಿದ್ದರು. ಆಗ ಅವರಿಗೆ ಐಪಿ ಅಂದರೆ ಏನೆಂದು ಗೊತ್ತಿರಲಿಲ್ಲ, ನಮ್ಮ ಅಗತ್ಯವಿತ್ತು. ಏಳು ವರ್ಷ ನಮ್ಮ ಪಕ್ಕದಲ್ಲಿ ನಿಂತು ಆಕಳಿಸುತ್ತಿದ್ದ ಆ ಟೆಕ್ನೀಷಿಯನ್, ಆಕಳಿಸುತ್ತಲೇ ಎಲ್ಲವನ್ನೂ ನೋಡಿಕೊಂಡಿದ್ದ.

ಕೊನೆಯ ಕೆಲಸ ನಮ್ಮ ಸಾಮಾನು ಹೊರಗೆ ತರುವುದು. ಹಿಂದಿನ ದಿನ ಅರ್ಜಿ ಹಾಕಿದೆವು. ಅದೇ ಟೆಕ್ನೀಷಿಯನ್ ಬಾಗಿಲು ತೆಗೆದ. ಆಕಳಿಸಲಿಲ್ಲ, ಸ್ಕ್ರೂ ಬಿಚ್ಚಲು ಕೈಯೂ ಕೊಟ್ಟ. ರೂಟರ್, ಎರಡು ಪವರ್ ಕೇಬಲ್, ಒಂದು ಸಣ್ಣ ಸ್ವಿಚ್. ಪಟ್ಟಿಯಲ್ಲಿದ್ದದ್ದೆಲ್ಲಕ್ಕೂ ಟಿಕ್ ಹಾಕಿ ಸಹಿ ಮಾಡಿಕೊಟ್ಟೆ. ಕೊನೆಗೆ ಉಳಿದದ್ದು ಸಿಎಂಟಿಎಸ್‌ನಿಂದ ನೇತಾಡುತ್ತಿದ್ದ ಹಳದಿ ಜಂಪರ್. ಅವನು ಅದರ ತುದಿಯನ್ನು ಸೂಕ್ಷ್ಮವಾಗಿ ಎಳೆದು ತೆಗೆದು, ಎರಡು ಬೆರಳಿಗೆ ಸುತ್ತಿ ಉಂಡೆ ಮಾಡಿ, ಚೀಟಿಯ ಮಾಸಿದ ಅಕ್ಷರವನ್ನು ಬೆಳಕಿಗೆ ಹಿಡಿದು ನೋಡಿದ.

'ಇದು ನಿಮ್ಮದಾ, ನಮ್ಮದಾ?'

ನನ್ನ ಪಟ್ಟಿ ತಿರುವಿದೆ. ಅವನ ಪಟ್ಟಿಯನ್ನೂ ಇಸಕೊಂಡು ನೋಡಿದೆ. ಎರಡರಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ನಿಂತಿದ್ದೆವು. ಆಮೇಲೆ ಅವನು ಅದನ್ನು ನನ್ನ ಪೆಟ್ಟಿಗೆಯಲ್ಲಿ ರೂಟರಿನ ಮೇಲಿಟ್ಟು, ಲೈಟು ಆರಿಸಿ, ಬಾಗಿಲಿಗೆ ಬೀಗ ಹಾಕಿದ.